ಅಂಟು ಉಳಿದ ನಂಬರು

ಮನೆಗೆ ಹೊಸ ಪಾತ್ರೆ ಬಂದರೆ ಅದರ ಮೇಲಿನ ಸ್ಟಿಕರ್ ಕೀಳುವ ಕೆಲಸ ನನ್ನದೇ. ಬೇರೆ ಯಾರು ಕಿತ್ತರೂ ನನಗೆ ಸಮಾಧಾನವಿಲ್ಲ. ಮೇಲಿನ ಕಾಗದ ಕೈಗೆ ಬಂತೆಂದರೆ ಕೆಲಸ ಮುಗಿಯಿತೆಂದು ತಿಳಿಯುವವರೇ ಎಲ್ಲ. ಕೆಳಗೆ ಅಂಟು ಉಳಿದಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ನಾನು ಶೇಂಗಾ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಸೀರೆಯ ತುಂಡಿನಿಂದ ತಿಕ್ಕಿ, ತೊಳೆದು ಒಣಗಿಸಿ, ಆಮೇಲೆ ಬೆರಳು ಆಡಿಸಿ ನೋಡುತ್ತೇನೆ. ಬೆರಳು ಎಲ್ಲಾದರೂ ತಡೆದರೆ ಮತ್ತೆ ಮೊದಲಿನಿಂದ ಶುರು. ಅವ್ವನಿಗೆ ಅಂಟಿನ ಹುಚ್ಚು ಎಂದು ನನ್ನ ಮಗಳು ಆಡಿಕೊಂಡು ನಗುತ್ತಾಳೆ. ನಗಲಿ ಬಿಡಿ, ಅವಳಿಗೆ ನಾನು ಕಾರಣ ಹೇಳಿಲ್ಲ.

ಮೊನ್ನೆ ರಾಯಚೂರಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ಹಳೆಯ ತಗಡಿನ ಕಪಾಟೊಂದನ್ನು ಬಿಸಿಲಿಗೆ ಎಳೆದು ಹಾಕಿದ್ದರು. ಅದರ ಬಾಗಿಲ ತುಂಬ ಯಾರೋ ಮಕ್ಕಳು ಎಂದೋ ಅಂಟಿಸಿದ ಸ್ಟಿಕರುಗಳು. ಅವನ್ನು ಕೀಳಲು ಎಲ್ಲಿಂದಲೋ ಒಂದು ಬಾಟಲಿ ಸೀಮೆಎಣ್ಣೆ, ನಮ್ಮ ಕಡೆಯ ಮಾತಿನಲ್ಲಿ ಚಿಮಣಿ ಎಣ್ಣೆ, ಸಂಪಾದಿಸಿ ತಂದಿದ್ದರು. ಕಾದ ತಗಡು, ಚಿಮಣಿ ಎಣ್ಣೆ, ಕರಗುತ್ತಿರುವ ಅಂಟು, ಮೂರೂ ಕೂಡಿದ ವಾಸನೆ ಗೋಡೆ ದಾಟಿ ಬಂತು. ಒಗೆದ ಬಟ್ಟೆ ಹಿಂಡುತ್ತಿದ್ದವಳು ಹಾಗೇ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಆರು ವರ್ಷದ ಹಿಂದಿನ ಬೇಸಿಗೆ ಅದು. ಮರೆತೆ ಎಂದುಕೊಂಡಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ, ಮುಟ್ಟದೆ ಇಟ್ಟಿದ್ದೆ.

ಆಗ ನಾನು ಒಂದು ಸಂಸ್ಥೆಯ ಸಂಚಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ದವಾಖಾನೆ ಎಂದರೆ ಒಂದು ಗಾಡಿ, ಅಷ್ಟೇ. ಹೈದರಾಬಾದಿನ ಯಾರೋ ಉಳ್ಳವರು ತಮ್ಮ ಮನೆಮಂದಿ ಊರೂರು ತಿರುಗಲೆಂದು ಬಹಳ ಹಿಂದೆ ಮಾಡಿಸಿಕೊಂಡಿದ್ದ ಕ್ಯಾರವಾನ್ ಅದು. ಅವರಿಗೆ ಬೇಡವಾದಾಗ ಸಂಸ್ಥೆಗೆ ದಾನ ಕೊಟ್ಟಿದ್ದರು. ಒಳಗೆ ಒಬ್ಬರು ಮಲಗುವಷ್ಟು ಮಂಚ, ಕೈ ತೊಳೆಯಲು ಪುಟ್ಟ ಬೇಸಿನ್, ಮಡಚುವ ಮೇಜು, ಕಿಟಕಿಗೆ ನೆರಿಗೆ ಹಿಡಿದ ಪರದೆ, ಹಿಂದೆ ಹತ್ತಲು ಮೂರು ಮೆಟ್ಟಿಲು. ಹಾಲಿನ ಕೆನೆಯ ಬಣ್ಣ, ಅಲ್ಲಲ್ಲಿ ತುಕ್ಕು. ಹಳ್ಳಿಯವರು ಅದಕ್ಕೆ ಮನಿ ಗಾಡಿ ಎನ್ನುತ್ತಿದ್ದರು. ಅದು ಬಂತೆಂದರೆ ಹೆಣ್ಣುಮಕ್ಕಳು ಮೊದಲು ಒಳಗಿನ ಪರದೆ ಮುಟ್ಟಿ ನೋಡಿ ಆಮೇಲೆ ತಮ್ಮ ಬೇನೆ ಹೇಳುತ್ತಿದ್ದರು.

ವಾರದಲ್ಲಿ ಎರಡು ದಿನ ಮಾನ್ವಿ ತಾಲ್ಲೂಕಿನ ಮಲ್ಲಟದ ಕಡೆ, ನಾಲ್ಕು ದಿನ ದೇವದುರ್ಗದ ಊರುಗಳು ಮತ್ತು ದೊಡ್ಡಿಗಳು. ಊರಿಂದ ದೂರ, ಹೊಲಗಳ ನಡುವೆ ಹತ್ತು ಹನ್ನೆರಡು ಮನೆ ಕೂಡಿದರೆ ನಮ್ಮಲ್ಲಿ ಅದು ದೊಡ್ಡಿ. ಗಾಡಿ ನಿಲ್ಲುತ್ತಿದ್ದುದು ದೇವದುರ್ಗದ ಒಂದು ಬಾಡಿಗೆ ಅಂಗಳದಲ್ಲಿ. ಓಡಿಸುವವರು ಮೌಲಾಸಾಬ್, ಐವತ್ತೈದು ದಾಟಿದವರು, ನನಗೆ ಚಾಚಾ. ಗಾಡಿಯನ್ನು ಅವರು ಎಮ್ಮೆಯನ್ನು ಬೈದ ಹಾಗೆ ಬೈಯುತ್ತಿದ್ದರು, ಎಮ್ಮೆಯನ್ನು ಮೈತೊಳೆದ ಹಾಗೆ ತೊಳೆಯುತ್ತಿದ್ದರು. ಡಾಕ್ಟರು ವಾರಕ್ಕೊಮ್ಮೆ ರಾಯಚೂರಿನಿಂದ ಬರುವರು. ಉಳಿದ ದಿನ ನಾವಿಬ್ಬರೇ.

ಗಾಡಿಯ ಮಗ್ಗುಲಿಗೆ ಗೇಣುದ್ದದ ಕೆಂಪು ಅಂಕಿಗಳಲ್ಲಿ ಫೋನ್ ನಂಬರು ಅಂಟಿಸಿತ್ತು. ಆ ಫೋನು ಚಾಚಾ ಕೂರುವ ಸೀಟಿನ ಪಕ್ಕದಲ್ಲೇ ಇರುತ್ತಿತ್ತು. ಹಗಲಿರಲಿ ರಾತ್ರಿಯಿರಲಿ, ಹೆರಿಗೆ ನೋವು ಎಂದು ಕರೆ ಬಂದರೆ ಹೊರಡುವುದು ನಮ್ಮ ಹೆಮ್ಮೆಯಾಗಿತ್ತು. ನನ್ನ ಹೆಮ್ಮೆ ಸ್ವಲ್ಪ ಹೆಚ್ಚೇ ಇತ್ತು. ಬಸುರಿಯರಿಗೆ ನಾನು ಹೇಳುತ್ತಿದ್ದ ಮಾತು ಒಂದೇ, ಬೇರೆ ಗಾಡಿ ಕಾಯುತ್ತ ಕೂರಬೇಡಿ, ನಮ್ಮ ಗಾಡಿಯ ಮೇಲಿನ ನಂಬರಿಗೆ ಮಾಡಿ, ಎಲ್ಲರಿಗಿಂತ ಮೊದಲು ನಾವು ಬರುತ್ತೇವೆ. ಹಾಗೆ ಬಂದದ್ದೂ ಉಂಟು. ಅದಕ್ಕೇ ಜನ ನಂಬಿದರು.

ಆ ವರ್ಷ ಏಪ್ರಿಲ್ ಕೊನೆಯಲ್ಲಿ ಆಫೀಸಿನವರು ಎಲ್ಲ ಫೋನುಗಳನ್ನೂ ಬದಲಿಸಿದರು. ಹಳೆಯ ನಂಬರು ಬಂದ್ ಆಯಿತು, ಹೊಸದು ಬಂತು. ಗಾಡಿಯ ಮೇಲಿನ ಹಳೆಯದನ್ನು ಕಿತ್ತುಹಾಕಿ ಫೋಟೋ ಕಳಿಸಿ, ಹೊಸ ಸ್ಟಿಕರು ವಾರದಲ್ಲಿ ಬರುತ್ತದೆ ಎಂದು ಮ್ಯಾನೇಜರ್ ಸಾಹೇಬರು ಹೇಳಿದರು. ನಮ್ಮ ಸೀಮೆಯಲ್ಲಿ ಬೇಸಿಗೆಯಲ್ಲಿ ಸ್ಟಿಕರು ಕೀಳಲು ಯಾವ ಯಂತ್ರವೂ ಬೇಡ. ಗಾಡಿಯನ್ನು ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ ಪಡುವಣಕ್ಕೆ ಮಗ್ಗುಲು ಮಾಡಿ ನಿಲ್ಲಿಸಿದರೆ ಮುಕ್ಕಾಲು ಕೆಲಸ ಸೂರ್ಯನೇ ಮಾಡುತ್ತಾನೆ. ತಗಡು ಹೆಂಚಿನಂತೆ ಕಾಯುತ್ತದೆ, ಮೇಲಿನ ಹಾಳೆ ಮೆತ್ತಗಾಗಿ ಉಗುರಿಗೆ ಏಳುತ್ತದೆ. ಚಾಚಾ ಮತ್ತು ನಾನು ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ಒಂದೊಂದೇ ಅಂಕಿಯನ್ನು ಮೂಲೆಯಿಂದ ಎತ್ತಿ ಎಳೆದೆವು. ಹಾಳೆ ಬಂತು. ಅಂಟು ಅಂಕಿಯ ಆಕಾರದಲ್ಲೇ ತಗಡಿಗೆ ಉಳಿಯಿತು. ಅದಕ್ಕೆ ಬಣ್ಣವಿರಲಿಲ್ಲ. ಅಂಗೈ ಇಟ್ಟರೆ ಹಿಡಿದುಕೊಳ್ಳುತ್ತಿತ್ತು, ಕಣ್ಣಿಟ್ಟರೆ ಏನೂ ಇಲ್ಲ.

ಚಿಮಣಿ ಎಣ್ಣೆ ತಂದು ನಾಳೆ ಬೆಳಿಗ್ಗೆ ತಿಕ್ಕಿಬಿಡೋಣ ಎಂದರು ಚಾಚಾ. ನಾಳೆ ಎಂದರೆ ಭಾನುವಾರ. ನನಗೆ ಆವತ್ತೇ ಮೂರೂವರೆಯ ಬಸ್ಸಿಗೆ ಮಾನ್ವಿಯ ತವರಿಗೆ ಹೋಗಬೇಕಿತ್ತು, ಮರುದಿನ ತಂಗಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು.

"ಇರ್ಲಿ ಬಿಡ್ರಿ ಚಾಚಾ. ಹೊಸಾದು ಅದರ ಮ್ಯಾಲೇ ಬರ್ತದಲ್ಲ. ಯಾರ ಕಣ್ಣಿಗೂ ಕಾಣಂಗಿಲ್ಲ" ಎಂದೆ ನಾನು.

ಈ ಮಾತನ್ನು ನಾನೇ ಆಡಿದ್ದು. ಬರೆದಿಡಬೇಕಾದ ಮಾತು ಇದೊಂದೇ ಎಂದು ಎಷ್ಟೋ ಸಲ ಅನ್ನಿಸಿದೆ. ಫೋಟೋ ತೆಗೆದು ಕಳಿಸಿದೆವು. ಫೋಟೋದಲ್ಲಿ ಗಾಡಿಯ ಮಗ್ಗುಲು ಬೋಳಾಗಿ, ಚೊಕ್ಕವಾಗಿ ಕಂಡಿತು. ಸಾಹೇಬರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಮುಂದಿನ ವಾರ ಹೊಸ ಸ್ಟಿಕರು ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ನಾನು ಗುಳಿಗೆ ಹಾಕಿ ಕೊಡುವ ಕಾಗದದ ಚೀಲಗಳ ಮೇಲೆ ಹೊಸ ನಂಬರು ಬರೆದು ಕೊಡುತ್ತಿದ್ದೆ. ನೆನಪಾದಾಗ ಬರೆಯುತ್ತಿದ್ದೆ, ಗಡಿಬಿಡಿಯಲ್ಲಿ ಬಿಡುತ್ತಿದ್ದೆ.

ಗೂಗಲ್ ಎಂಬ ಊರಿನ ಆಚೆ, ಕೃಷ್ಣೆಯ ದಂಡೆಯಿಂದ ಒಳಗೆ ಒಂದು ದೊಡ್ಡಿ. ಅದರ ಹೆಸರು ಬೇಡ. ಅಲ್ಲಿ ತಿಮ್ಮವ್ವ ಎಂಬ ಮುದುಕಿ, ಅವಳ ಸೊಸೆ ಹುಲಿಗೆಮ್ಮ. ಹುಲಿಗೆಮ್ಮನಿಗೆ ಇಪ್ಪತ್ತೆರಡಿರಬಹುದು, ಚೊಚ್ಚಲ ಬಸುರಿ. ಗಂಡ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದ, ಮನೆಯಲ್ಲಿದ್ದ ಒಂದೇ ಫೋನು ಅವನ ಜೊತೆ ಹೋಗಿತ್ತು. ಅತ್ತೆ ಸೊಸೆ ಇಬ್ಬರೇ ಆದರೂ ಆ ಮನೆಯಲ್ಲಿ ಸದಾ ಮಾತು. ಸೊಸೆ ಬೈದಂತೆ ಮಾಡುವಳು, ಅತ್ತೆ ಹೆದರಿದಂತೆ ಮಾಡುವಳು, ಕೊನೆಗೆ ಇಬ್ಬರೂ ನಗುವರು. ನಾನು ಗಾಡಿಯ ಮೆಟ್ಟಿಲು ಇಳಿಯುವುದರೊಳಗೆ ಹುಲಿಗೆಮ್ಮ ತಂಬಿಗೆ ತುಂಬ ನೀರು ಹಿಡಿದು ನಿಂತಿರುತ್ತಿದ್ದಳು. ನೀರು ಕುಡಿಯುವ ತನಕ ಬಿಪಿ ನೋಡಲು ಕೈ ಕೊಡುತ್ತಿರಲಿಲ್ಲ.

ಮೇ ನಡುವಿನಲ್ಲಿ ಅಲ್ಲಿಗೆ ಹೋದಾಗ ಅವಳಿಗೆ ಒಂಬತ್ತು ತುಂಬುತ್ತಿತ್ತು. ಕಾಲು ಬಾತಿದ್ದವು, ಬಿಪಿ ಸ್ವಲ್ಪ ಏರಿತ್ತು. ಗಾಡಿಯೊಳಗೆ ಮಂಚದ ಮೇಲೆ ಮಲಗಿಸಿ ಕೂಸಿನ ಎದೆಬಡಿತ ಕೇಳಿದೆ. ಚೆನ್ನಾಗಿತ್ತು. ಅವಳಿಗೂ ಕೇಳಿಸಿದೆ. ಅವಳು ಕೇಳುತ್ತ ಕೇಳುತ್ತ ಮೇಲಿನ ತಗಡನ್ನೇ ನೋಡುತ್ತಿದ್ದಳು. ನೋವು ಸಣ್ಣಗೆ ಕಾಣಿಸಿಕೊಂಡ ಕೂಡಲೇ ಪಕ್ಕದ ಮನೆಯವರ ಫೋನಿನಿಂದ ಕರೆ ಮಾಡಿಸಬೇಕೆಂದು ಹೇಳಿದೆ. ಅವಳ ಗುಳಿಗೆಗಳು ಹಿಂದಿನ ತಿಂಗಳವೇ ಉಳಿದಿದ್ದವು. ಹಾಗಾಗಿ ಆ ದಿನ ಅವಳಿಗೆ ಕಾಗದದ ಚೀಲ ಕೊಡಲಿಲ್ಲ.

ಹೊರಗೆ ತಿಮ್ಮವ್ವ ಗಾಡಿಯ ಹತ್ತಿರ ಬರುವುದು, ಮನೆಯೊಳಗೆ ಹೋಗುವುದು, ಮತ್ತೆ ಬರುವುದು ಕಿಟಕಿಯಿಂದ ಕಾಣುತ್ತಿತ್ತು. ಬಂದವಳು ಒಂದು ಗಳಿಗೆ ಕಣ್ಣು ಕಿರಿದು ಮಾಡಿ ನಿಂತು, ತುಟಿ ಬಿಗಿ ಹಿಡಿದು, ಏನನ್ನೋ ಚೆಲ್ಲದಂತೆ ಒಯ್ಯುವವಳ ಹಾಗೆ ಮೆಲ್ಲಗೆ ಮನೆಯತ್ತ ನಡೆಯುತ್ತಿದ್ದಳು. ಆರೇಳು ಸಲ ಆದ ಮೇಲೆ ನನಗೆ ನಗು ಬಂತು.

"ಏನ್ಬೇ ಯವ್ವಾ, ಗಾಡಿಗೆ ಪ್ರದಕ್ಷಿಣಿ ಹಾಕಾಕತ್ತೀ ಏನು?" ಎಂದು ಕಿಟಕಿಯಿಂದಲೇ ಕೇಳಿದೆ.

"ನಂಬರ ಒಯ್ಯಾಕತ್ತೀನ್ರೀ ಸಿಸ್ಟರ್. ನನಗ ಅಕ್ಷರ ಬರಂಗಿಲ್ಲಲ್ಲ, ಒಂದೊಂದ ನೋಡ್ಕೊಂಡು ಹೋಗಿ ಗ್ವಾಡಿಗಿ ಇದ್ದಲಿಲೆ ಬರೀತೀನಿ. ಮಾತಾಡಸಬ್ಯಾಡ್ರಿ, ಮರೀತೀನಿ."

"ಒಯ್ಯಿ ಒಯ್ಯಿ" ಎಂದೆ. ಹುಲಿಗೆಮ್ಮ ಹೊಟ್ಟೆ ಹಿಡಿದು ನಕ್ಕಳು.

ಯಾವ ನಂಬರು ಎಂದು ನನಗೆ ಹೊಳೆಯಲಿಲ್ಲ. ಕಿತ್ತುಹಾಕಿದವಳು ನಾನು. ಗಾಡಿಯ ಮೇಲೆ ನಂಬರೇ ಇಲ್ಲವೆಂದು ಗೊತ್ತಿದ್ದವಳು ನಾನು. ಆದರೂ ಅವಳು ನಂಬರು ಎಂದಾಗ ಅದು ಅಲ್ಲಿ ಇರುವುದೇ ಸಹಜವೆನಿಸಿತು, ವರ್ಷಗಟ್ಟಲೆ ಇದ್ದದ್ದಲ್ಲವೇ. ನನ್ನವ್ವನೂ ಹೆಬ್ಬೆಟ್ಟು ಒತ್ತುವವಳು, ಕೂಲಿ ಮಾಡಿ ನನ್ನನ್ನು ಓದಿಸಿದವಳು. ಅಕ್ಷರ ಬಾರದವರಿಗೆ ಹತ್ತು ಅಂಕಿ ಒಯ್ಯುವುದು ಎಂಥ ಭಾರವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಮೆಟ್ಟಿಲಿಳಿದು ಒಂದು ಸಲ ಗಾಡಿಯ ಮಗ್ಗುಲು ನೋಡಿದ್ದರೆ ಸಾಕಿತ್ತು. ಆವತ್ತು ಇನ್ನೂ ಎರಡು ದೊಡ್ಡಿಗೆ ಹೋಗುವುದಿತ್ತು, ಹತ್ತಿ ಕುಳಿತು ಹೊರಟೆವು.

ಅದಾದ ನಾಲ್ಕನೆಯ ದಿನ ಭಾನುವಾರ. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಹುಲಿಗೆಮ್ಮನಿಗೆ ನೋವು ಶುರುವಾಯಿತು. ಪಕ್ಕದ ಮನೆಯವನು ಫೋನು ತಂದು ಗೋಡೆ ನೋಡಿಕೊಂಡು ಒತ್ತಿದ. ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಹೆಣ್ಣು ದನಿ ಹೇಳಿತು. ದಿಬ್ಬದ ಮೇಲೆ ಹೋಗಿ ಒತ್ತಿದ, ಅದೇ ದನಿ. ಆಗ ಅಲ್ಲಿ ಸೇರಿದವರೆಲ್ಲ ಒಂದು ತೀರ್ಮಾನಕ್ಕೆ ಬಂದರು, ಮುದುಕಿ ಯಾವುದೋ ಅಂಕಿ ತಪ್ಪಿ ಬರೆದಿದ್ದಾಳೆ. ಒಂದರ ಬದಲು ಏಳು, ಏಳರ ಬದಲು ಒಂದು, ಮೂರರ ಬದಲು ಎಂಟು ಹಾಕಿ ನೋಡಿದರು. ಯಾರೋ ತೆಲುಗಿನವರು ಎತ್ತಿದರು, ಇನ್ನಾರೋ ಎತ್ತಿ ಬೈದರು. ಹುಲಿಗೆಮ್ಮ ಏಳನೆಯ ತನಕ ಓದಿದವಳು. ನೋವಿನ ನಡುವೆ ಗೋಡೆ ಹಿಡಿದು ನಿಂತು ತಾನೂ ಅಂಕಿ ಹೇಳಿದಳು. ಹೀಗೆ ಎರಡು ತಾಸಿನ ಮೇಲೆ ಹೋಯಿತು. ಬೇರೆ ಆಂಬುಲೆನ್ಸಿಗೆ ಮಾಡಬಹುದಿತ್ತಲ್ಲ ಎಂದು ಆಮೇಲೆ ಬಹಳ ಜನ ಹೇಳಿದರು. ಬೇರೆಯದನ್ನು ಕಾಯಬೇಡಿ ಎಂದು ಹೇಳಿಟ್ಟವಳು ನಾನೇ. ಕೊನೆಗೆ ಒಂದು ಗೂಡ್ಸ್ ಆಟೋ ಸಿಕ್ಕಿತು. ದೇವದುರ್ಗದ ದಾರಿಯಲ್ಲಿ, ಆಟೋದ ತಗಡಿನ ಮೇಲೆ, ಅತ್ತೆಯ ತೊಡೆಯ ಮೇಲೆ ಹೆರಿಗೆಯಾಯಿತು. ಗಂಡು ಕೂಸು. ಅದು ಅಳಲಿಲ್ಲ.

ಆ ಹೊತ್ತಿಗೆ ನಮ್ಮ ಗಾಡಿ ದೇವದುರ್ಗದ ಅಂಗಳದಲ್ಲೇ ನಿಂತಿತ್ತು. ನೀರಿನ ಬರ, ಟ್ಯಾಂಕರು ಬಂದಾಗ ಎರಡು ಕೊಡ ಸಿಗುತ್ತಿತ್ತು. ಅದರಲ್ಲಿ ಚಾಚಾ ಕುಡಿಯಲು ಇಟ್ಟುಕೊಂಡು, ಉಳಿದದ್ದರಲ್ಲಿ ಗಾಜುಗಳನ್ನಷ್ಟೇ ಒರೆಸುತ್ತಿದ್ದರು. ಸೀಟಿನ ಪಕ್ಕದ ಫೋನು ಆ ದಿನ ಒಂದು ಸಲವೂ ರಿಂಗಾಗಲಿಲ್ಲವಂತೆ.

ನಮಗೆ ಸುದ್ದಿ ತಿಳಿದದ್ದು ಬುಧವಾರ, ಆ ದೊಡ್ಡಿಗೆ ಹೋದಾಗಲೇ. ಹುಲಿಗೆಮ್ಮ ತಂಬಿಗೆ ತರಲಿಲ್ಲ. ಹೆರಿಗೆಯಾಗಿದೆಯೇನೋ ಎಂದು ಖುಷಿಯಿಂದಲೇ ಒಳಗೆ ಕಾಲಿಟ್ಟೆ. ಅವಳು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಿಮ್ಮವ್ವ ನಡೆದದ್ದನ್ನೆಲ್ಲ ಒಂದೇ ದನಿಯಲ್ಲಿ ಹೇಳಿ ಮುಗಿಸಿದಳು. ಬಾಗಿಲ ಪಕ್ಕದ ಮಣ್ಣಿನ ಗೋಡೆಯ ಮೇಲೆ ಇದ್ದಿಲಿನ ದಪ್ಪ ಅಂಕಿಗಳಿದ್ದವು. ಒಂದು ಸಣ್ಣದು, ಒಂದು ದೊಡ್ಡದು, ಒಂದು ಬಾಗಿದ್ದು. ನಾನು ನನ್ನ ಫೋನು ತೆಗೆದು ಗೋಡೆ ನೋಡಿ ಒತ್ತುತ್ತ ಹೋದೆ. ಆರನೆಯ ಅಂಕಿಯ ಹೊತ್ತಿಗೆ ನನ್ನ ಬೆರಳು ನೋಡದೆಯೇ ಮುಂದಿನದನ್ನು ಒತ್ತಿತು. ಅದು ನಮ್ಮ ಹಳೆಯ ನಂಬರು. ಮೂರು ವರ್ಷ ಬಾಯಿಪಾಠವಾಗಿದ್ದ ನಂಬರು.

ಹೊರಗೆ ಓಡಿ ಬಂದು ಗಾಡಿ ನೋಡಿದೆ. ತಿಂಗಳಿಡೀ ದೇವದುರ್ಗದ ಎರೆಮಣ್ಣಿನ ದಾರಿಗಳಲ್ಲಿ ತಿರುಗಿದ ಗಾಡಿ. ಹಾರಿದ ಧೂಳು ತಗಡಿನ ಮೇಲೆಲ್ಲ ನಿಂತಿರಲಿಲ್ಲ, ಅಂಟಿರುವಲ್ಲಿ ಮಾತ್ರ ನಿಂತಿತ್ತು. ಕೆನೆ ಬಣ್ಣದ ಮೇಲೆ ಹತ್ತು ಅಂಕಿ ಕರಿದಾಗಿ, ತುಂಬಿಕೊಂಡು, ಸ್ಟಿಕರು ಇದ್ದಾಗಿನದಕ್ಕಿಂತ ಸ್ಪಷ್ಟವಾಗಿ ಎದ್ದು ಕೂತಿದ್ದವು. ನಾವಿಬ್ಬರೂ ದಿನಾ ಅದರ ಪಕ್ಕದಲ್ಲೇ ಹತ್ತಿ ಇಳಿದಿದ್ದೆವು. ಚಾಚಾ ನನ್ನ ಮುಖ ನೋಡಿ, ಗಾಡಿ ನೋಡಿ, ಇಳಿದು ಬಂದು ಒಂದು ಅಂಕಿಯ ಮೇಲೆ ಅಂಗೈ ಇಟ್ಟರು. ಅಂಗೈ ಕಪ್ಪಾಯಿತು. ಯಾ ಅಲ್ಲಾ ಎಂದಷ್ಟೇ ಅಂದರು.

ತಿಮ್ಮವ್ವ ನನ್ನ ಹಿಂದೆಯೇ ಹೊಸ್ತಿಲಿಗೆ ಬಂದಿದ್ದಳು. ಅವಳ ಕಣ್ಣು ಗಾಡಿಯ ಮೇಲಿರಲಿಲ್ಲ, ನನ್ನ ಮೇಲಿತ್ತು.

"ನಾನು ತಪ್ಪ ಬರ್ದೀನೇನ್ರಿ ಸಿಸ್ಟರ್?"

ನನ್ನ ಬಾಯಲ್ಲಿ ನಿಜ ಬರಬೇಕಿತ್ತು. ಕೆಲಸ ಹೋಗುತ್ತದೆ ಎಂಬ ಹೆದರಿಕೆಯೋ, ಆ ದೊಡ್ಡಿಯವರೆಲ್ಲ ಸೇರಿ ಏನು ಮಾಡಿಯಾರೆಂಬ ಹೆದರಿಕೆಯೋ, ಹುಲಿಗೆಮ್ಮನ ಬೆನ್ನೋ, ಇವತ್ತಿಗೂ ಸರಿಯಾಗಿ ಹೇಳಲಾರೆ.

"ಒಂದ್ ಅಂಕಿ ಆಚೀಚಿ ಆಗ್ಯಾದ ಅನಸ್ತದ ಬೇ ಯವ್ವಾ" ಎಂದೆ.

ಒಳಗೆ ಮೂಲೆಯಲ್ಲಿ ಮಲಗಿದ್ದ ಹುಲಿಗೆಮ್ಮ ಆ ಮಾತಿಗೆ ಈ ಕಡೆ ಹೊರಳಿದಳು. ಅತ್ತೆಯನ್ನು ನೋಡಿದಳು. ಹಾಗೆ ನೋಡುವಂತೆ ಮಾಡಿದವಳು ನಾನು. ಮತ್ತೆ ಗೋಡೆಯ ಕಡೆ ತಿರುಗಿಕೊಂಡಳು.

ಆ ಸಂಜೆಯಿಂದಲೇ ಚಾಚಾ ಮತ್ತು ನಾನು ಅಂಟು ತೆಗೆಯಲು ಕುಳಿತೆವು. ತಿಂಗಳು ಬಿಸಿಲಲ್ಲಿ ಬೆಂದ ಅಂಟು, ಮಣ್ಣು ಕುಡಿದ ಅಂಟು, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬರೀ ಬಟ್ಟೆಯಿಂದ ತಿಕ್ಕಿದರೆ ಉಂಡೆಯುಂಡೆಯಾಗಿ ಸರಿದು ಪಕ್ಕಕ್ಕೆ ಹತ್ತಿಕೊಳ್ಳುತ್ತದೆ. ಬ್ಲೇಡು ಹಾಕಿದರೆ ಹಳೆಯ ಬಣ್ಣವೇ ಪದರು ಪದರಾಗಿ ಏಳುತ್ತದೆ. ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಅಂಕಿಯ ಮೇಲೆ ಹೊದಿಸಿ, ಅದು ನೆನೆಯುವ ತನಕ ಕಾದು, ಉಗುರಿನಿಂದ ಅಂಚು ಎಬ್ಬಿಸಿ, ಶೇಂಗಾ ಎಣ್ಣೆ ಸವರಿ ಉಜ್ಜಿ, ಸೋಪಿನ ನೀರಿನಿಂದ ಒರೆಸಬೇಕು. ಒಂದು ಅಂಕಿಗೆ ಒಂದು ತಾಸು. ಮೂರು ದಿನ ಕೆಲಸ ಮುಗಿಸಿ ಬಂದು ಇದೇ ಮಾಡಿದೆವು. ನನ್ನ ಉಗುರುಗಳ ಕೆಳಗೆ ಕರಿ ಹೋಗಲಿಲ್ಲ. ಊಟ ಮಾಡುವಾಗ ರೊಟ್ಟಿಯೆಲ್ಲ ಚಿಮಣಿ ಎಣ್ಣೆ ನಾರುತ್ತಿತ್ತು.

ಮೂರನೆಯ ದಿನ ಅಂಟು ಪೂರ್ತಿ ಹೋಯಿತು. ಬೆರಳು ಎಲ್ಲಿಯೂ ತಡೆಯಲಿಲ್ಲ. ಆದರೆ ನಂಬರು ಹೋಗಲಿಲ್ಲ. ವರ್ಷಗಟ್ಟಲೆ ಸ್ಟಿಕರಿನ ಕೆಳಗಿದ್ದ ಬಣ್ಣ ಬಿಸಿಲು ಕಾಣದೆ ಮಾಸದೆ ಉಳಿದಿತ್ತು, ಸುತ್ತಲಿನದು ಮಾಸಿತ್ತು. ಹತ್ತು ಅಂಕಿ ಈಗ ಬೆಳ್ಳಗೆ ಕಾಣುತ್ತಿದ್ದವು. ನಾನು ನೆಲಕ್ಕೆ ಕುಳಿತು ಅತ್ತುಬಿಟ್ಟೆ. ಮಾರನೆಯ ಬೆಳಿಗ್ಗೆ ಚಾಚಾ ತಮ್ಮ ಮನೆಯ ಬಾಗಿಲಿಗೆಂದು ತಂದಿಟ್ಟಿದ್ದ ನೀಲಿ ಬಣ್ಣದ ಡಬ್ಬಿ ತಂದು, ಆ ಜಾಗದುದ್ದಕ್ಕೂ ಒಂದು ಪಟ್ಟಿ ಬಳಿದರು. ಬಳಿಯುತ್ತ ನನ್ನ ಕಡೆ ನೋಡದೆ ಹೇಳಿದರು.

"ಗಾಡಿ ಮ್ಯಾಲಿಂದು ಆತು ಬೇಟಾ. ಆ ಮುದುಕಿ ತಲಿ ಮ್ಯಾಲ ಇಟ್ಟು ಬಂದೀಯಲ್ಲ, ಅದನ್ನ ಯಾವ ಎಣ್ಣಿ ಹಚ್ಚಿ ತೆಗೀತಿ?"

ಅವರು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಆ ದೊಡ್ಡಿಗೆ ಹೋದಾಗಲೆಲ್ಲ ಅವರು ಗಾಡಿಯಿಂದ ಇಳಿಯುವುದನ್ನು ಬಿಟ್ಟರು.

ಜೂನಿನಲ್ಲಿ ಒಂದೆರಡು ಮಳೆ ಬಿತ್ತು, ತೊಗರಿ ಬಿತ್ತಿದರು, ಹತ್ತಿ ಊರಿದರು. ಆ ಮನೆಯಲ್ಲಿ ಎರಡು ಒಲೆ ಆಗಿದ್ದವು. ಹುಲಿಗೆಮ್ಮ ಹೊರಗೆ ಜಗುಲಿಯ ಮೂಲೆಯಲ್ಲಿ ಮೂರು ಕಲ್ಲು ಇಟ್ಟುಕೊಂಡಿದ್ದಳು. ತನಗೆ ಬೇರೆ ಕೊಡ, ಬೇರೆ ತಂಬಿಗೆ. ಅತ್ತೆ ತುಂಬಿದ ನೀರು ಮುಟ್ಟುತ್ತಿರಲಿಲ್ಲ, ಅತ್ತೆಗೆ ಒಂದು ಮಾತೂ ಇಲ್ಲ. ಗಂಡ ಬಂದು ಎರಡು ವಾರ ಇದ್ದು, ತಾಯಿಗೂ ಹೆಂಡತಿಗೂ ನಡುವೆ ಏನೂ ಮಾಡಲಾಗದೆ ಕೆಲಸಕ್ಕೆ ಮರಳಿದ್ದ. ಹುಲಿಗೆಮ್ಮ ನನ್ನ ಜೊತೆ ಮಾತ್ರ ಮಾತಾಡುತ್ತಿದ್ದಳು. ತಂಬಿಗೆಯಲ್ಲಿ ನೀರು ತಂದು ಕೊಡುತ್ತಿದ್ದಳು. ಸಿಸ್ಟರ್ ನೀವಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಒಂದು ದಿನ ಅಂದಳು.

ತಿಮ್ಮವ್ವ ಆ ಗೋಡೆಯನ್ನು ಸಾರಿಸಿರಲಿಲ್ಲ. ಉಳಿದ ಗೋಡೆಗಳಿಗೆಲ್ಲ ಕೆಮ್ಮಣ್ಣು ಬಳಿದು, ಅಂಕಿ ಇರುವ ಜಾಗ ಬಿಟ್ಟಿದ್ದಳು. ಜುಲೈಯಲ್ಲಿ ಒಂದು ದಿನ, ಸೊಸೆ ಹೊಲಕ್ಕೆ ಹೋಗಿದ್ದಾಗ, ನನ್ನ ಸೀರೆಯ ಸೆರಗು ಹಿಡಿದು ಕೂರಿಸಿಕೊಂಡಳು. ತನಗೆ ಅಂಕಿ ಕಲಿಸಬೇಕಂತೆ. ನಾಳೆ ಇನ್ನೊಂದು ಕೂಸಾಗುತ್ತದೆ, ಆಗ ಮತ್ತೆ ತಪ್ಪು ಬರೆಯಬಾರದಂತೆ. ಬೇಡ ಎನ್ನಲು ನನಗೆ ಯಾವ ದಾರಿಯಿತ್ತು? ವಾರಕ್ಕೊಮ್ಮೆ ಹೋದಾಗ ಅಂಗಳದ ಮಣ್ಣಿನಲ್ಲಿ ಬೆರಳಿನಿಂದ ಬರೆದು ತೋರಿಸಿದೆ. ಏಳನ್ನು ಕುಡುಗೋಲು ಎನ್ನುತ್ತಿದ್ದಳು, ಒಂಬತ್ತನ್ನು ಸೌಟು ಎನ್ನುತ್ತಿದ್ದಳು, ಸೊನ್ನೆಗೆ ರೊಟ್ಟಿ. ತಪ್ಪಾದರೆ ತನ್ನ ಕೈಗೆ ತಾನೇ ಹೊಡೆದುಕೊಳ್ಳುವಳು. ನಾಲ್ಕು ವಾರದಲ್ಲಿ ಎಲ್ಲ ಕಲಿತಳು. ಅರವತ್ತು ದಾಟಿದ ಹೆಂಗಸು, ಇಡೀ ದಿನ ಕಳೆ ತೆಗೆದು ಬಂದು.

ಐದನೆಯ ವಾರ ಹೋದಾಗ ನನ್ನ ಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದಳು. ಹುಲಿಗೆಮ್ಮ ಜಗುಲಿಯಲ್ಲಿ ತನ್ನ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ತಿಮ್ಮವ್ವ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಹತ್ತನ್ನೂ ಸರಿಯಾಗಿ ಓದಿದಳು. ಆಮೇಲೆ ಸೆರಗಿನ ತುದಿಯಿಂದ ಒಂದು ಇದ್ದಿಲ ಚೂರು ಬಿಚ್ಚಿ ನನ್ನ ಕೈಯಲ್ಲಿಟ್ಟಳು.

"ಯಾವುದು ತಪ್ಪಾಗ್ಯಾದ, ಅದರ ಮ್ಯಾಲ ಗೆರಿ ಎಳೀರಿ ಸಿಸ್ಟರ್. ನನಗದು ಒಂದು ತಿಳೀಬೇಕು. ಅದನ್ನು ಹೆಂಗ ನೋಡ್ದೆ, ಹೆಂಗ ತಂದೆ, ಎಲ್ಲಿ ಮರ್ತೆ, ತಿಳೀದ ನನಗ ನಿದ್ದಿ ಬರವಲ್ದು."

ಇದ್ದಿಲು ಹಿಡಿದು ನಿಂತೆ. ಒಂದು ಗೆರೆ ಎಳೆದಿದ್ದರೆ ಅವಳು ಒಪ್ಪಿಕೊಳ್ಳುತ್ತಿದ್ದಳು. ಏಳನ್ನೋ ಒಂದನ್ನೋ ತೋರಿಸಿದ್ದರೆ, ಹೌದು ಅಲ್ಲೇ ಎಡವಿದೆ ಎಂದು ಸಾಯುವ ತನಕ ಆ ಒಂದು ಅಂಕಿಯನ್ನು ಬೈದುಕೊಳ್ಳುತ್ತಿದ್ದಳು. ಕೈ ಎತ್ತಿದ್ದೂ ನಿಜ. ಯಾವ ಅಂಕಿಯನ್ನು ಆರಿಸಲಿ ಎಂದು ಒಂದು ಗಳಿಗೆ ನೋಡಿದ್ದೂ ನಿಜ. ನನ್ನ ಬಗ್ಗೆ ನನಗೆ ಅತ್ಯಂತ ಹೇಸಿಗೆಯಾಗುವುದು ಆ ಗಳಿಗೆಯನ್ನು ನೆನೆದಾಗ.

"ಯಾವುದೂ ತಪ್ಪಿಲ್ಲ ಯವ್ವಾ. ಹತ್ತೂ ಸರಿ ಬರ್ದೀದಿ" ಎಂದೆ. "ಗಾಡಿ ಮ್ಯಾಲಿದ್ದ ನಂಬರ ಸತ್ತಿತ್ತು. ಕಿತ್ತಾಕಿ ಅಂಟು ಬಿಟ್ಟಾಕಿ ನಾನು. ತೊಳೀಬೇಕಿತ್ತು, ತೊಳೀಲಿಲ್ಲ. ಆವತ್ತು ಸುಳ್ಳು ಹೇಳ್ದಾಕಿನೂ ನಾನೇ."

ಜಗುಲಿಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ತಿಮ್ಮವ್ವ ಗೋಡೆಯನ್ನೇ ನೋಡಿದಳು. "ಹತ್ತೂ?" ಎಂದು ಕೇಳಿದಳು. ಹತ್ತೂ ಎಂದೆ. ಅವಳು ಕುಸಿದು ಕುಳಿತು, ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಕೂಸಿನ ಸುದ್ದಿ ಹೇಳಿದ ದಿನವೂ ಅತ್ತಿರಲಿಲ್ಲ.

ಹುಲಿಗೆಮ್ಮ ಒಳಗೆ ಬಂದಳು. ಕೈಗೆಲ್ಲ ಜೋಳದ ಹಿಟ್ಟು. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಬೈಯಲಿ, ಹೊಡೆಯಲಿ ಎಂದು ನಿಂತಿದ್ದೆ. ನನಗೆ ಅದು ಬೇಕಾಗಿಯೂ ಇತ್ತು. ಅವಳು ಹೊರಗೆ ಹೋಗಿ ಕೈ ತೊಳೆದು, ತನ್ನ ಕೊಡದಿಂದ ತಂಬಿಗೆ ತುಂಬಿಕೊಂಡು ಬಂದಳು. ಅಭ್ಯಾಸ ಬಲ ನೋಡಿ, ನನ್ನ ಕೈ ತಾನಾಗಿ ಮುಂದಕ್ಕೆ ಹೋಯಿತು. ಅವಳು ನನ್ನ ಕೈಯ ಪಕ್ಕದಿಂದ ದಾಟಿ ಹೋಗಿ, ನೆಲದ ಮೇಲೆ ಕುಳಿತಿದ್ದ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

"ನೀರು ಕುಡಿ ಅತ್ತಿ" ಎಂದಳು.

ತಿಮ್ಮವ್ವ ಎರಡೂ ಕೈಯಿಂದ ತಂಬಿಗೆ ಹಿಡಿದು ಕುಡಿದಳು. ನಾನು ಇದ್ದಿಲ ಚೂರನ್ನು ಹೊಸ್ತಿಲ ಮೇಲೆ ಇಟ್ಟು ಹೊರಗೆ ಬಂದೆ. ಗಾಡಿಯ ಬಾಗಿಲಲ್ಲಿ ಚಾಚಾ ಇಳಿದು ನಿಂತಿದ್ದರು.